ನಮ್ಮ ಕಾರಲ್ಲ

೯-೫-೧೯೬೧, ಮಂಗಳವಾರ
ಬೆಳಿಗ್ಗೆಯಿಂದ ತೆಂಗಿನಕಾಯಿ ತುರಿದದ್ದೇ ಕೆಲಸ. ಸಂಜೆ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ; ತಂಗಿ ರೊಸಾಲಿನ್‌ಳ ತಲೆಗೆ ತೆಂಗಿನ ಹಾಲು ಸುರಿಯುವಾಗ ಅಳು ಬಂತು. ಮದುವೆಯಾಗದ ಅಕ್ಕನಿಗೂ ಅಳಲು ಅಡ್ಡಿಯಿಲ್ಲವಲ್ಲ.

ನಾಳೆಗೆ ಟ್ಯಾಕ್ಸಿ ಸಿಗಲಿಲ್ಲ. ಇಡೀ ಮಂಗಳೂರಿಗೆ ನಾಳೆಯೇ ಮದುವೆ ಇದ್ದ ಹಾಗಿದೆ. ಕೊನೆಗೆ ಪಕ್ಕದ ಮನೆಯ ಬೊನಿಫಾಸ್ ತನ್ನ ಮೋರಿಸ್ ಕಾರು ತರಲು ಒಪ್ಪಿದ — ಬಾಡಿಗೆಗೆ. ದುಡ್ಡು ಮೊದಲೇ ತೆಗೆದುಕೊಂಡ. ನೆರೆಹೊರೆ ಎಂದು ಬಿಟ್ಟಿ ಬರುವ ಜನವಲ್ಲ.

೧೧-೫-೬೧, ಗುರುವಾರ
ಬರೆಯಲು ಕೈ ಬರುತ್ತಿಲ್ಲ. ಆದರೂ...

ನಿನ್ನೆ ರೊಸಾಲಿನ್‌ಳನ್ನು ಬಂಟ್ವಾಳದ ಗಂಡನ ಮನೆಯಲ್ಲಿ ಬಿಟ್ಟು ವಾಪಸು ಬರುತ್ತಿದ್ದೆವು. ಪಡೀಲ್ ಹತ್ತಿರ. ಮುಸ್ಸಂಜೆ. ಮನೆಯಲ್ಲಿ ಅಮ್ಮ ಒಬ್ಬರೇ ಎಂದು, "ಸ್ವಲ್ಪ ಬೇಗ ಬಿಡು ಮಾರಾಯ" ಎಂದು ಬೊನಿಫಾಸನಿಗೆ ಹೇಳಿದೆ. ಎರಡು ಸಲ ಹೇಳಿದೆ.

ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದವನಿಗೆ ಕಾರು ಬಡಿಯಿತು. ಹಂಚಿನ ಕಾರ್ಖಾನೆಯ ಆಳು. ನೋಣಯ್ಯ ಎಂದು ಹೆಸರು. ಅದೇ ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ತಂದೆವು. ಮದುವೆಯ ಹೂವೆಲ್ಲ ಅವನ ಅಡಿಯಲ್ಲಿ...

ಅವನ ಹೆಂಡತಿ ಕಿನ್ನಿ ಓಡಿ ಬಂದಳು. ಬಯ್ಯಲಿಲ್ಲ, ಕೂಗಾಡಲಿಲ್ಲ. ನನ್ನನ್ನು ನೋಡಿದಳು, ಅಷ್ಟೇ. ಹೆದರಿಕೆಯಾಯಿತು. ಅವಳು ಕೇಳುವ ಮೊದಲೇ ಹೇಳಿಬಿಟ್ಟೆ — "ನಮ್ಮ ಕಾರಲ್ಲಮ್ಮ. ಬಾಡಿಗೆಯದ್ದು." ತಲೆಯಾಡಿಸಿದಳು.

ಯಾಕೆ ಹಾಗೆ ಹೇಳಿದೆನೋ. ನಾಚಿಕೆಯಾಗುತ್ತದೆ.

೧೪-೫-೬೧, ಭಾನುವಾರ
ನೋಣಯ್ಯ ಹೋದ. ಚರ್ಚಿನಲ್ಲಿ ಮೊಣಕಾಲೂರಿದೆ. ಅವನ ಹೆಸರಿನಲ್ಲಿ ಒಂದು ಮೇಣದ ಬತ್ತಿ ಹಚ್ಚಿದೆ.

೨೩-೧೧-೬೧, ಗುರುವಾರ
ಆರು ತಿಂಗಳಿಂದ ಈ ಪುಸ್ತಕ ಮುಟ್ಟಿಲ್ಲ. ತಿಂಗಳಿಗೊಮ್ಮೆ ಪಡೀಲಿಗೆ ಹೋಗುತ್ತೇನೆ. ಕಿನ್ನಿ "ಬಾಯಮ್ಮ" ಎಂದು ಕರೆದು ಮಣೆ ಕೊಡುತ್ತಾಳೆ, ಬೆಲ್ಲ ನೀರು ಕೊಡುತ್ತಾಳೆ, ಮತ್ತೆ ಬೀಡಿ ಕಟ್ಟಲು ಕೂರುತ್ತಾಳೆ. ಮೂರು ಹೆಣ್ಣುಮಕ್ಕಳು. ಪರಿಹಾರಕ್ಕೆ ಕೇಸು ಹಾಕು ಎಂದು ಅವಳನ್ನು ಹೊರಡಿಸಿದವಳು ನಾನೇ.

ಇವತ್ತು ಅವಳ ವಕೀಲರು ಡೆನಿಸ್ ನನ್ನನ್ನೂ ಬೊನಿಫಾಸನನ್ನೂ ಕರೆಸಿದ್ದರು.

"ಟೀಚರ್, ಇದು ಟ್ಯಾಕ್ಸಿ ಅಲ್ಲ, ಪ್ರೈವೇಟ್ ಕಾರು. ಬಾಡಿಗೆಗೆ ಓಡಿಸಿದ್ದು ಅಂತ ಆದ್ರೆ ಇನ್ಶೂರೆನ್ಸ್ ಕಂಪೆನಿ ಕೈ ತೊಳ್ಕೊಳ್ತದೆ. ಕಿನ್ನಿಗೆ ಎಂತ ಸಹ ಸಿಗುದಿಲ್ಲ."

"ಬೊನಿಫಾಸ್ ಕೊಡ್ಬೇಕಲ್ಲ?"

"ಇವನತ್ರ ಆ ಹಳೇ ಮೋರಿಸ್ ಬಿಟ್ರೆ ಎಂತ ಉಂಟು?"

ವಕೀಲರು ನನ್ನ ಕಡೆ ಬಗ್ಗಿದರು.

"ನೆರೆಮನೆಯವನು, ಸುಮ್ಮನೆ ಸಹಾಯಕ್ಕೆ ತಂದದ್ದು ಅಂತ ಹೇಳಿ. ಒಂದೇ ಮಾತು."

ಬೈಬಲ್ ಮುಟ್ಟಿ ಹೇಳಬೇಕಾದ ಒಂದೇ ಮಾತು! ಆಸ್ಪತ್ರೆಯಲ್ಲಿ ಕಿನ್ನಿಗೆ ಅಂದದ್ದನ್ನು ವಕೀಲರಿಗೆ ತಿಳಿಸಬೇಕೆಂದು ಬಾಯಿಯವರೆಗೆ ಬಂತು. ನುಂಗಿಕೊಂಡೆ. ಗಂಡ ಸಾಯಲು ಬಿದ್ದಿದ್ದ ಹೊತ್ತು, ಅವಳಿಗೆಲ್ಲಿ ನೆನಪಿರುತ್ತದೆ...

೧೮-೨-೬೨, ಭಾನುವಾರ
ಹೇಳುತ್ತೇನೆ. ಸುಳ್ಳು ಹೇಳಿದ ಮಕ್ಕಳನ್ನು ಇಪ್ಪತ್ತು ವರ್ಷದಿಂದ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ದೇವರು ನನ್ನನ್ನೂ ನಿಲ್ಲಿಸಲಿ. ಆ ಮಕ್ಕಳು ಉಣ್ಣಲಿ.

೨೦-೨-೬೨, ಮಂಗಳವಾರ
ಕೋರ್ಟು. ಒಬ್ಬರ ಸಾಕ್ಷಿ ಇನ್ನೊಬ್ಬರು ಕೇಳಬಾರದಂತೆ. ಜಗಲಿಯ ಬೆಂಚಿನಲ್ಲಿ ಕೂರಿಸಿದರು. ಒಳಗೆ ಮೊದಲು ಕಿನ್ನಿ. ಏನು ಕೇಳಿದರೋ, ಏನು ಹೇಳಿದಳೋ.

ಆಮೇಲೆ ನಾನು. ಬೈಬಲ್ ಮೇಲೆ ಕೈಯಿಟ್ಟೆ. ಬಾಡಿಗೆ ಕೊಟ್ಟಿಲ್ಲ ಎಂದೆ. ಸ್ವರ ನಡುಗಲಿಲ್ಲ — ಅದೇ ಆಶ್ಚರ್ಯ.

ಕಂಪೆನಿಯ ವಕೀಲ ಎದ್ದ. "ನಮ್ಮ ಕಾರಲ್ಲ, ಬಾಡಿಗೆಯದ್ದು ಅಂತ ಆಸ್ಪತ್ರೆಯಲ್ಲಿ ನೀವೇ ಹೇಳಿದ್ರಂತೆ. ಕಿನ್ನಿ ಈಗಷ್ಟೇ ಹೇಳಿದ್ದಾಳೆ. ಆವತ್ತು ಹೇಳಿದ್ದು ಸುಳ್ಳೋ, ಇವತ್ತಿನದ್ದೋ?"

ಕಿನ್ನಿಯ ಕಡೆ ನೋಡಿದೆ. ಹೌದು ಅನ್ನಿ ಎನ್ನುವ ಹಾಗೆ ತಲೆಯಾಡಿಸಿದಳು, ಪಾಪ. ಡೆನಿಸ್ ವಕೀಲರು ಕಾಗದದೊಳಗೆ ಮುಖ ಹುದುಗಿಸಿದರು. ನೀರು ಕೇಳಿದೆ. ಲೋಟ ಬರಿದಾದ ಮೇಲೆ ಕಟಕಟೆಯಿಂದ ಇಳಿದೆ.

೩-೪-೬೨, ಮಂಗಳವಾರ
ತೀರ್ಪು. ಬಾಡಿಗೆಗೆ ಓಡಿಸಿದ್ದು ಸಾಬೀತು. ಕಂಪೆನಿಗೆ ಹೊಣೆಯಿಲ್ಲ. ಪರಿಹಾರ ಬೊನಿಫಾಸನೇ ಕೊಡಬೇಕಂತೆ. ಅವನು ಮೋರಿಸ್ ಮಾರಿ ಬೊಂಬಾಯಿ ಸೇರಿ ತಿಂಗಳಾಯಿತು.

ನನ್ನ ಒಂದು ಮಾತು, ಅದೂ ನಿಜವಾದ ಮಾತು, ಆ ಮನೆಯ ಅನ್ನ ತೆಗೆಯಿತು.

೮-೪-೬೨, ಭಾನುವಾರ, ಬೆಳಿಗ್ಗೆ ೧೧
ಈಗಷ್ಟೇ ಕಿನ್ನಿ ಬಂದು ಹೋದಳು. ಪಡೀಲಿನಿಂದ ಕದ್ರಿಯ ನಮ್ಮ ಮನೆಯವರೆಗೆ ನಡೆದೇ. ಕೈಯಲ್ಲಿ ಒಂದು ಕಟ್ಟು ಬಸಳೆ ಸೊಪ್ಪು. ಬಾ ಎಂದರೂ ಒಳಗೆ ಬರಲಿಲ್ಲ.

"ಬಾಯಮ್ಮ, ನನ್ನಿಂದಾಗಿ ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ಹೋಯ್ತು. ನನಗೆ ಗೊತ್ತಾಗ್ಲಿಲ್ಲ. ಕಾರು ಯಾರದ್ದು ಅಂತ ಕೇಳಿದ್ರು. ನೀವು ಹೇಳಿದ್ದನ್ನೇ ಹೇಳಿದೆ. ಬಾಯಮ್ಮ ಸುಳ್ಳು ಹೇಳುದಿಲ್ಲ ಅಂತ ಸಹ ಹೇಳಿದೆ."

ಕ್ಷಮೆ ಕೇಳಲು ಬಂದದ್ದು! ನನ್ನ ಹತ್ತಿರ!

ಕಾಲು ಮುಟ್ಟಲು ಬಗ್ಗಿದಳು. ಹಿಡಿದೆತ್ತಿದೆ. "ತಪ್ಪು ನಿನ್ನದಲ್ಲ ಕಿನ್ನಿ" ಎಂದೆ. ಹಾಗಾದರೆ ಯಾರದ್ದು ಎಂದು ಕೇಳುವವಳಲ್ಲ ಅವಳು.

ಗೇಟು ದಾಟಿದ ಮೇಲೆ ಮನಸ್ಸು ತಡೆಯಲಿಲ್ಲ. ಓಡಿಹೋಗಿ ಕರೆದೆ. ತಿರುಗಿ ನಿಂತಳು. "ಆವತ್ತು ಕಾರಿನಲ್ಲಿ... ನಾನು..." ಎಂದೆ. ಬೇಗ ಬಿಡು ಎಂದವಳು ನಾನು. ನಾಲ್ಕೇ ಶಬ್ದ ಹೇಳಬೇಕಿತ್ತು.

"ಎಂತ ಬಾಯಮ್ಮ?"

"ಬಸಳೆ ಒಳ್ಳೆ ಎಳತು ಉಂಟು" ಎಂದೆ.

ನಕ್ಕಳು. ಹೋದಳು. ನಾನು ಅಲ್ಲಿಯೇ ನಿಂತೆ, ಆ ನಾಲ್ಕು ಶಬ್ದ ಬಾಯಲ್ಲಿಟ್ಟುಕೊಂಡು.