ಹುಷಾರಿಲ್ಲ ಎಂಬ ಮಾತು

ಕುಮಟಾ,
೪ ಡಿಸೆಂಬರ್ ೧೯೬೧

ಪ್ರೀತಿಯ ಸೋಮನಿಗೆ,

ನಿನ್ನ ಕಾಗದ ಕೈಸೇರಿ ಇಂದಿಗೆ ಹನ್ನೊಂದು ದಿನ. ತಡವಾಗಿ ಬಂದವನನ್ನು ಬಾಗಿಲಲ್ಲಿಯೇ ನಿಲ್ಲಿಸುತ್ತಿದ್ದ ನಾನು ಒಂದು ಉತ್ತರಕ್ಕೆ ಇಷ್ಟು ತಡಮಾಡಿದ್ದು ನಿನಗೆ ಅಚ್ಚರಿಯಾಗಿರಬಹುದು. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಬರೆದ ವಾಕ್ಯಗಳೆಲ್ಲ ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಇದ್ದವು. ಒಟ್ಟಾಗಿ ಓದಿದರೆ ಸುಳ್ಳಾಗಿದ್ದವು.

ನೀನು ಕೇಳಿದ್ದು ಇಷ್ಟು. ಹುಬ್ಬಳ್ಳಿಯ ಜವಳಿ ಅಂಗಡಿಯಲ್ಲಿ ಏಳು ವರ್ಷ ಗುಮಾಸ್ತನಾಗಿ ದುಡಿದ ಮೇಲೆ, ತಿಂಗಳ ಸಂಬಳದ ಆ ಕೆಲಸವನ್ನು ಬಿಟ್ಟು, ಜೀವವಿಮೆಯ ಏಜೆಂಟನಾಗಿ ಕುಮಟಾ, ಹೊನ್ನಾವರ, ಭಟ್ಕಳಗಳ ಹಳ್ಳಿಗಳನ್ನು ಸುತ್ತಲೇ, ಬೇಡವೇ? ಹೊಸ ವರ್ಷದೊಳಗೆ ಒಪ್ಪಿಗೆ ತಿಳಿಸಬೇಕು. ಬಿಟ್ಟ ಅಂಗಡಿಯವರು ಮತ್ತೆ ಸೇರಿಸಿಕೊಳ್ಳಲಾರರು. ಜೊತೆಗೆ, ಮನೆಮನೆಯಲ್ಲಿ ಆಡಬೇಕಾದ ಮಾತುಗಳನ್ನು ಮೂರು ಪುಟಗಳಲ್ಲಿ ಬರೆದು 'ತಿದ್ದಿ ಕೊಡಿ' ಎಂದಿರುವೆ. ಕೊನೆಯಲ್ಲಿ ಹೀಗೊಂದು ಸಾಲು: 'ಅಂದು ಎಲ್ಲವನ್ನೂ ತಿಳಿದೂ ಎದೆಯಲ್ಲಿಟ್ಟುಕೊಂಡು ನನ್ನನ್ನು ಮುಲ್ಕಿ ಪರೀಕ್ಷೆಗೆ ಕೂರಿಸಿದವರು ತಾವು. ಯಾವ ಮಾತನ್ನು ಯಾವಾಗ ಹೇಳಬೇಕೆಂದು ಬಲ್ಲವರು. ತಾವು ಹೇಳಿದಂತೆಯೇ ಮಾಡುತ್ತೇನೆ.'

ನಾನು ಹರಿದ ನಾಲ್ಕು ಉತ್ತರಗಳೂ ಈ ಸಾಲನ್ನು ಕಂಡೂ ಕಾಣದಂತೆ ದಾಟಿ ಹೋಗಿದ್ದವು.

ತಿದ್ದುವುದು ಸುಲಭವೆಂದು ಮೊದಲು ಅದನ್ನೇ ಎತ್ತಿಕೊಂಡೆ. 'ವಿಷೇಶ' ಎಂದು ಬರೆದಿರುವೆ, ಅದು 'ವಿಶೇಷ'. ಏಳನೆಯ ಇಯತ್ತೆಯಲ್ಲಿಯೂ ನಿನ್ನ ಶಕಾರ ಷಕಾರಗಳು ಹೀಗೆಯೇ ಜಾಗ ಬದಲಿಸುತ್ತಿದ್ದವು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೆಂಪು ಶಾಯಿಯಲ್ಲಿ ಆ ತಪ್ಪನ್ನು ಸುತ್ತಿ, ಬಹಳ ಹೊತ್ತು ನೋಡುತ್ತ ಕುಳಿತೆ. ನಿನ್ನ ಅಕ್ಷರವನ್ನು ಕಾಣದೆ ಎಷ್ಟು ವರ್ಷಗಳಾಗಿದ್ದವು.

ಎರಡನೆಯ ಪುಟದಲ್ಲಿ ಕೈ ನಿಂತಿತು. 'ತಮಗೆ ಒಂದು ವೇಳೆ ಹುಷಾರಿಲ್ಲದೆ ಹೋದರೆ ಹೆಂಡತಿ ಮಕ್ಕಳಿಗೆ ಹಣ ಬರುತ್ತದೆ' ಎಂದಿದೆ. ಸೋಮಾ, ಹುಷಾರಿಲ್ಲದವನಿಗೆ ಜೀವವಿಮೆಯಿಂದ ಏನೂ ಬರುವುದಿಲ್ಲ. ನಾಳೆ ಹಿರೇಗುತ್ತಿಯವನೊಬ್ಬ ಜ್ವರ ಬಂದು, ಕಂಬಳಿ ಹೊದ್ದು, ಹಣ ಎಲ್ಲಿ ಎಂದು ಕೇಳಿದರೆ ಏನೆನ್ನುವೆ? ಅಲ್ಲಿ ಇರಬೇಕಾದ ಶಬ್ದ ಬೇರೆ. ಅದನ್ನು ಬರೆಯಲು ನಿನ್ನ ಲೇಖನಿ ಹೆದರಿದೆ. 'ಒಂದು ವೇಳೆ' ಎಂಬುದೂ ಅಲ್ಲಿ ಸಲ್ಲದು. ಆಗಲೂಬಹುದು, ಆಗದಿರಲೂಬಹುದು ಎನ್ನುವಂಥ ಸಂಗತಿಗೆ ಮಾತ್ರ ಆ ಪ್ರಯೋಗ.

ನಿನ್ನನ್ನು ಹಳಿಯುತ್ತಿಲ್ಲ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಜನ ನಾವು. ಪರಸ್ಥಳದಲ್ಲಿರುವ ಮಗನಿಗೆ ತಂದೆಯ ಸುದ್ದಿಯನ್ನು ಹೊತ್ತು ಹೋದವನು ದಾರಿಯಲ್ಲಿ ನಿಜವನ್ನು ಬಾಯಿಬಿಡುವುದಿಲ್ಲ. 'ಹುಷಾರಿಲ್ಲ, ಬಾ' ಎಂದು ಕರೆದು ತರುತ್ತಾನೆ, ಉಳಿದದ್ದನ್ನು ಮನೆಯ ಅಂಗಳ ಹೇಳುತ್ತದೆ. ಈ ಸೀಮೆಯಲ್ಲಿ ಇದನ್ನು ಅರಿಯದವರಿಲ್ಲ. ನಾನೂ ಅರಿತವನೇ. ಇನ್ನು ಮುಂದಿನದನ್ನು ನಿಧಾನವಾಗಿ ಓದು.

ಹತ್ತು ವರ್ಷಗಳ ಹಿಂದೆ ಹಿರೇಗುತ್ತಿಯ ಶಾಲೆಯಿಂದ ಏಳು ಹುಡುಗರನ್ನು ಕರೆದುಕೊಂಡು ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆಂದು ಇದೇ ಕುಮಟೆಗೆ ಬಂದಿದ್ದೆನಷ್ಟೆ. ಎರಡನೆಯ ದಿನ ವ್ಯಾಕರಣದ ಪತ್ರಿಕೆ. ಮೊದಲ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ನಿನ್ನ ಚಿಕ್ಕಪ್ಪ ಜಟ್ಟಿ ಬಂದ. ಹೊಳೆ ದಾಟಿ, ಮಿರ್ಜಾನಿನ ದಾರಿಯಾಗಿ ನಡೆದೇ ಬಂದಿದ್ದ. ನೀನು ಆಗಲೇ ಒಳಗೆ ಹೋಗಿ ಕುಳಿತಿದ್ದೆ.

"ಮಾಸ್ತರೇ, ನಮ್ಮಣ್ಣ ಬೊಮ್ಮಂಗೆ ಒಂಚೂರು ಹುಷಾರಿಲ್ಲ. ಹುಡ್ಗನ್ನ ಕಳ್ಸಿ ಕೊಡಿ" ಎಂದ.

"ಒಂಚೂರು ಎಂದರೆ ಎಷ್ಟು? ಜ್ವರವೇ?" ಎಂದು ಕೇಳಿದೆ.

"ಹಾಂಗೇ ಅಂತ ಇಟ್ಕಳಿ."

"ಇಟ್ಟುಕೊಳ್ಳುವುದೇನು ಬಂತು? ಇದ್ದರೆ ಇದೆ ಎನ್ನು, ಇಲ್ಲದಿದ್ದರೆ ಇಲ್ಲ ಎನ್ನು. ಒಂಚೂರು ಜ್ವರಕ್ಕೆ ಯಾರಾದರೂ ಪರೀಕ್ಷೆ ಬಿಡುತ್ತಾರೆಯೇ? ಸಂಜೆ ನಾನೇ ಕರೆತರುತ್ತೇನೆ."

ಅವನು ನನ್ನ ಮುಖವನ್ನೊಮ್ಮೆ ನೋಡಿದ. "ಆತು" ಎಂದು, ಹೋಗಿ ಗೋಡೆಯ ನೆರಳಿನಲ್ಲಿ ಕುಳಿತ. ಮಧ್ಯಾಹ್ನ ಅವಲಕ್ಕಿ ಕಳಿಸಿದೆ, ಮುಟ್ಟಲಿಲ್ಲ. ನೀರು ಕೊಟ್ಟರೂ "ನಂಗೆ ಬ್ಯಾಡ" ಎಂದ. ಅಣ್ಣನನ್ನು ಮನೆಯಲ್ಲಿ ಮಲಗಿಸಿ ಬಂದವನು ಬಾಯಿಗೆ ನೀರು ಹಾಕಲಾರನೆಂದು ನನಗೆ ಹೊಳೆಯಬೇಡವೇ? ಹೊಳೆಯಲಿಲ್ಲ. 'ಒಂಚೂರು' ಎಂಬ ವಿಶೇಷಣವನ್ನು ನಿಘಂಟಿನಲ್ಲಿದ್ದಂತೆ ತೆಗೆದುಕೊಂಡು ನಾನು ನಿಶ್ಚಿಂತನಾಗಿದ್ದೆ.

ಉಳಿದ ಆರು ಹುಡುಗರನ್ನು ಪರಿಚಯದವರ ಮನೆಯಲ್ಲಿ ಬಿಟ್ಟು, ಸಂಜೆ ಮೂವರೂ ಹೊರಟೆವು. ನೀನು ನನ್ನ ಪಕ್ಕದಲ್ಲಿ ನಡೆಯುತ್ತ, ಬರೆದ ಉತ್ತರಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದೆ. ಲೋಪ, ಆಗಮ, ಆದೇಶ ಸಂಧಿಗಳ ಉದಾಹರಣೆಗಳೆಲ್ಲ ಸರಿಯಾಗಿದ್ದವು. ಜಟ್ಟಿ ಮುಂದೆ ನಡೆಯುತ್ತಿದ್ದ, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಮೂವತ್ತೈದು ವರ್ಷ ಕಲಿಸಿದೆ. ಅಷ್ಟು ಸಂತೋಷದಿಂದ ನಡೆದ ದಾರಿ ನನಗೆ ಇನ್ನೊಂದಿಲ್ಲ. ಈಗಲೂ ಅದು ನೆನಪಾಗುತ್ತದೆ, ನೆನಪಾದೊಡನೆ ನಾಚಿಕೆಯಾಗುತ್ತದೆ. ಊರ ಗದ್ದೆಯ ಬದುವಿನ ಮೇಲೆ ಐದಾರು ಜನ ಎದುರಾದರು. ಅವರ ಕೈಯಲ್ಲಿ ಗುದ್ದಲಿಗಳಿದ್ದವು. ಹೊತ್ತು ಇಳಿಯುವವರೆಗೂ ನಿನಗಾಗಿ ಕಾದು, ಇನ್ನು ಇಡಲಾಗದೆಂದು ನಿನ್ನ ತಂದೆಯನ್ನು ಮಣ್ಣು ಮಾಡಿ ಬರುತ್ತಿದ್ದರು.

ನೀನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ನಾನು ತಲೆ ತಗ್ಗಿಸಿದೆ.

ನನಗೆ ಗೊತ್ತಿರಲಿಲ್ಲ, ಸೋಮಾ. ನಿನ್ನ ಒಳಿತಿಗಾಗಿ ನಾನು ಏನನ್ನೂ ಎದೆಯಲ್ಲಿಟ್ಟುಕೊಂಡಿರಲಿಲ್ಲ. ಅಕ್ಷರವೊಂದೂ ಬಾರದ ಜಟ್ಟಿ ಆಡಿದ ಮೂರು ಶಬ್ದಗಳ ಅರ್ಥ ನನಗೆ ಆಗಲಿಲ್ಲ, ಅಷ್ಟೆ. ನನ್ನ ದಡ್ಡತನದಿಂದ ನಿನಗೆ ತಂದೆಯ ಮುಖ ತಪ್ಪಿತು. ಆಮೇಲೆ ನೀನು ನನ್ನನ್ನು ಮೊದಲಿಗಿಂತ ಹೆಚ್ಚು ಗೌರವದಿಂದ ಕಾಣತೊಡಗಿದೆ. ಏಕೆಂದು ತಿಳಿಯಲಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಗೌರವ ಬೇಕಾಗಿತ್ತು, ಇಟ್ಟುಕೊಂಡೆ.

ಏಕೆಂಬುದರ ಸುಳಿವು ನಿನ್ನ ಆ ಸಾಲಿನಲ್ಲಿ ಸಿಕ್ಕಿತು, ಪೂರ್ತಿ ತಿಳಿದದ್ದು ಮೊನ್ನೆ. ಸಂತೆಗೆ ಹರಿವೆ ಸೊಪ್ಪು ತಂದಿದ್ದ ನಿನ್ನ ಅವ್ವಿ ಸುಕ್ರಿ, ಬುಟ್ಟಿ ಖಾಲಿಯಾದ ಮೇಲೆ ನಮ್ಮ ಜಗಲಿಗೆ ಬಂದು ಕುಳಿತಳು. ನೀನು ಕಾಗದ ಬರೆದಿರುವೆಯೆಂದು ಯಾರೋ ಹೇಳಿದ್ದರಂತೆ. ಓದಿ ಹೇಳಿದೆ.

"ಜೀವದ ಇಮೆ ಅಂದ್ರೆ ಎಂತದು ಮಾಸ್ತರೇ?"

"ಇಮೆಯಲ್ಲ, ವಿಮೆ. ಇಮೆ ಎಂದರೆ ಕಣ್ಣಿನ ರೆಪ್ಪೆ."

"ಹಾಂಗಾರೆ ಅದೇ ಸಮ ಆತಲ್ಲ. ಕಣ್ಣು ಮುಚ್ಚಿದ ಮೇಲೆ ಬರೂ ದುಡ್ಡು ಅಲ್ದಾ ಇದು?" ಎಂದು ಎಲೆಯಡಿಕೆ ಜಗಿಯುತ್ತ ನಕ್ಕಳು. ನನಗೆ ತಿದ್ದಲು ಏನೂ ಉಳಿಯಲಿಲ್ಲ.

ಆ ನಗೆಯ ಧೈರ್ಯದಲ್ಲಿ, ಅಂದು ನನಗೆ ತಿಳಿದಿರಲಿಲ್ಲವೆಂದು ಹೇಳಿಬಿಟ್ಟೆ. ಅವಳು ಎಲೆಯಡಿಕೆ ಉಗುಳಿ ಬಂದು ಕುಳಿತಳು.

"ಅದು ನಂಗೆ ಅವತ್ತೇ ಗೊತ್ತು. ಮಾಸ್ತರು ಅಷ್ಟು ಓದಿದ್ರೂ ಹುಷಾರಿಲ್ಲ ಅಂದ್ರೆ ಎಂತದು ಅಂತ ಗೊತ್ತಾಗ್ಲಿಲ್ಲ ಅಂತ ಜಟ್ಟಿ ಬೈದಿದ್ದೇ ಬೈದಿದ್ದು. ಮಗ ನನ್ನ ಕೇಳ್ದ. ಮಾಸ್ತರಿಗೆ ಗೊತ್ತಿತ್ತು ಮಗಾ, ನಿನ್ನ ಒಳ್ಳೇದಕ್ಕೆ ಹೇಳ್ಲಿಲ್ಲ ಅಂದೆ. ಇಲ್ದಿದ್ರೆ ಅಂವ ನಿಮ್ಮ ಮೇಲೆ ಸಿಟ್ಟಲ್ಲೇ ಬೆಳೀತಿದ್ದ, ಪುಸ್ತಕ ಮುಟ್ತಿರ್ಲಿಲ್ಲ."

"ಈಗ ಅವನಿಗೆ ನಿಜ ಹೇಳಲೇ?" ಎಂದು ಕೇಳಿದೆ.

"ಹೇಳೂದಾದ್ರೆ ಹೇಳಿ. ಅಂವ ಈಗ ಹುಡ್ಗ ಅಲ್ಲ." ಏಳುವಾಗ ಇನ್ನೊಂದು ಮಾತು ಸೇರಿಸಿದಳು: "ಆ ಕೆಲ್ಸ ಬೇಕಾ ಬ್ಯಾಡ್ವಾ ನಂಗೆ ತಿಳೂದಿಲ್ಲ. ಸಾವಿನ ಮಾತು ಹೊತ್ಕಂಡು ಹೋದವಂಗೆ ಯಾರೂ ಕೂರೂಕೆ ಮಣೆ ಹಾಕೂದಿಲ್ಲ, ಅದೊಂದು ಬರ್ದು ಹಾಕಿ."

ಬರೆದಿದ್ದೇನೆ. ಈಗ ನನ್ನ ಸಲಹೆ. ಅದನ್ನು ತೂಗುವ ಮುನ್ನ ಒಂದು ಸಂಗತಿಯನ್ನು ನೀನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ನೀನು ಬರಬೇಕೆಂಬ ಆಸೆ ನನಗೆ ಬಹಳವಿದೆ. ಹುಬ್ಬಳ್ಳಿಯ ಬಸ್ಸು ಬರುವ ಹೊತ್ತಿಗೆ ಪೇಟೆಯಲ್ಲಿ ಏನಾದರೊಂದು ಕೆಲಸವನ್ನು ಹುಡುಕಿಕೊಂಡು ಹೋಗುತ್ತೇನೆ. ಇಳಿದವರನ್ನೆಲ್ಲ ನೋಡಿ, ಬೇಡದ ಒಂದು ಬೆಂಕಿಪೆಟ್ಟಿಗೆಯನ್ನು ಕೊಂಡು ಮನೆಗೆ ಮರಳುತ್ತೇನೆ. ನಿವೃತ್ತಿಯಾಗಿ ಮೂರು ವರ್ಷವಾಯಿತು. ಹೊನ್ನಾವರದಲ್ಲಿ ತಾರಿಯ ದೋಣಿಯಲ್ಲಿ ಹೊಳೆ ದಾಟಿ ಭಟ್ಕಳದವರೆಗೆ ಹೋಗಿ ಅಲ್ಲಿನ ಜಾಲಿ ಊರಿನ ಮನೆಗಳನ್ನು ಸುತ್ತಿ ಬಂದ ನೀನು, ಅಲ್ಲಿ ಯಾರು ಏನೆಂದರೆಂದು ಈ ಜಗಲಿಯಲ್ಲಿ ಕುಳಿತು ಹೇಳುವುದನ್ನು ಕೇಳಬೇಕೆಂಬ ಬಯಕೆ. ಇಂಥವನು 'ಬಾ' ಎಂದರೆ ಅದು ಸಲಹೆಯೆನಿಸದು.

ಆದುದರಿಂದ ಆಸೆಯನ್ನು ಬದಿಗಿಟ್ಟು ಯೋಚಿಸಿದೆ. ಬೊಮ್ಮನ ಹೆಸರಿನಲ್ಲಿ ಅಂಥದೊಂದು ವಿಮೆಯ ಕಾಗದವಿದ್ದಿದ್ದರೆ ನೀನು ಮುಲ್ಕಿಗೇ ಓದು ನಿಲ್ಲಿಸುತ್ತಿರಲಿಲ್ಲ. ಇದನ್ನು ಹೇಳುವ ಅಧಿಕಾರ ನಿನಗಿದ್ದಷ್ಟು ಮತ್ತಾವ ಏಜೆಂಟನಿಗೂ ಇರಲಾರದು. ಆದರೆ ಇದನ್ನು ಹೇಳಬೇಕಾದರೆ ಆ ಶಬ್ದವನ್ನು ಮುಚ್ಚುಮರೆಯಿಲ್ಲದೆ ಉಚ್ಚರಿಸಬೇಕು, ಎದುರಿಗಿರುವವನ ಕಣ್ಣು ನೋಡಿ, ಅವನ ಹೆಂಡತಿ ಬಾಗಿಲ ಮರೆಯಲ್ಲಿ ಕೇಳಿಸಿಕೊಳ್ಳುತ್ತಿರುವಾಗ. ಅದು ನಿನ್ನಿಂದಾಗುವುದಾದರೆ ಕೆಲಸವನ್ನು ಒಪ್ಪಿಕೋ, ಜನ ಮಣೆ ಹಾಕದಿದ್ದರೂ ನಿಂತೇ ಹೇಳು. ಆಗದಿದ್ದರೆ ಅಂಗಡಿಯನ್ನು ಬಿಡಬೇಡ. ಅರ್ಥವಾಗದ ಮಾತಿನಿಂದ ಒಂದು ಮನೆಗೆ ಎಂಥ ಹಾನಿಯಾಗುತ್ತದೆಂದು ನಾವಿಬ್ಬರೂ ಬಲ್ಲೆವು.

ಆಗುತ್ತದೆಯೋ ಇಲ್ಲವೋ ಎಂದು ಹುಬ್ಬಳ್ಳಿಯಲ್ಲಿ ಕುಳಿತು ತಿಳಿಯಲಾಗದು. ಒಪ್ಪಿಗೆಗೆ ಸಹಿ ಹಾಕುವ ಮೊದಲು ಒಮ್ಮೆ ಬಾ. ನನ್ನ ಎದುರಿಗೆ ಕುಳಿತು, 'ಮಾಸ್ತರೇ, ನೀವು ಸತ್ತ ಮೇಲೆ' ಎಂದು ವಾಕ್ಯವನ್ನು ಆರಂಭಿಸು. ಧ್ವನಿ ನಡುಗದೆ ಅದು ಮುಗಿದರೆ ಆ ಕೆಲಸ ನಿನ್ನದು. ನಡುಗಿದರೆ ನನಗೆ ಒಳಗೊಳಗೇ ಬಹಳ ಸಂತೋಷವಾಗುತ್ತದೆ. ಆದರೂ ಅದೇ ಸಂಜೆಯ ಬಸ್ಸಿಗೆ ನಿನ್ನನ್ನು ಹತ್ತಿಸುತ್ತೇನೆ.

ಈ ಕಾಗದವನ್ನು ಓದಿದ ಮೇಲೆ ಬರುವ ಮನಸ್ಸೇ ಆಗದಿದ್ದರೆ, ಅದರಲ್ಲಿ ತಪ್ಪು ಹಿಡಿಯುವ ಯೋಗ್ಯತೆ ನನಗಿಲ್ಲ.

ನಡೆಯುವ ದಾರಿಯಲ್ಲಿ ನಿನ್ನ ಕಾಲಿಗೆ ದಣಿವಾಗದಿರಲಿ, ಹೋದಲ್ಲೆಲ್ಲ ಯಾರಾದರೂ ಕುಡಿಯಲು ನೀರು ಕೊಡಲಿ.

ನಿನಗೆ ಸಂಧಿ ಸಮಾಸಗಳನ್ನಷ್ಟೇ ಕಲಿಸಿದ,
ಮಹಾಗಣಪತಿ ಮಾಸ್ತರ