ಡಾರ್ಕಸ್ ಹ್ಯಾಡ್‌ಲೋ ಅವರ ಕೆಮ್ಮಿನ ವಿಚಾರ

ಬಡವರ ಪಾಲಕ ಮಂಡಳಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಮಂಡಳಿ ನಮ್ಮ ಊರಿನಲ್ಲಿ ನಡೆಸುವ ‘ಬಡವರ ಮನೆ’ ಎಂಬ ಆಶ್ರಯಧಾಮದಲ್ಲಿರುವ ಡಾರ್ಕಸ್ ಹ್ಯಾಡ್‌ಲೋ ಎಂಬ ವೃದ್ಧೆಯ ಕೆಮ್ಮನ್ನು ನಿಲ್ಲಿಸಿದ್ದಕ್ಕಾಗಿ ತಮ್ಮ ಮಂಡಳಿಯನ್ನು ಸಾರ್ವಜನಿಕವಾಗಿ ಅಭಿನಂದಿಸಲು ಈ ಪತ್ರ ಬರೆಯುತ್ತಿದ್ದೇನೆ. ಕೆಮ್ಮು ನಿಂತ ಕಾರಣಕ್ಕೇ ಅವರ ಗಂಡ ಏಮಸ್, ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ, ಗಂಜಿ ಮುಟ್ಟದೆ ಮಲಗಿ ಇವತ್ತಿಗೆ ಏಳು ದಿನ. ಒಳ್ಳೆಯ ಕೆಲಸ ಮಾಡುವಾಗ ಇಂಥ ಸಣ್ಣಪುಟ್ಟ ತೊಡಕು ಇದ್ದದ್ದೇ.

ತಾವು ಕ್ರಿಸ್‌ಮಸ್ ದಿನ ಮಾತ್ರ, ಅದೂ ಊಟದ ಹಾಲ್‌ವರೆಗೆ ಮಾತ್ರ ಬರುವುದರಿಂದ, ಇವರ ಪರಿಚಯ ತಮಗೆ ಇರಲಾರದು. ಇಬ್ಬರೂ ಕೈಮಗ್ಗದವರು. ನಲವತ್ತಮೂರು ವರ್ಷ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಎರಡು ಮಗ್ಗ ನಡೆಸಿದರು. ಮೊದಲು ಏಮಸ್ ಅವರ ಕಣ್ಣು ಹೋಯಿತು, ಆಮೇಲೆ ಮಗ್ಗಗಳು ಹೋದವು, ಹೋದ ಚಳಿಗಾಲದಲ್ಲಿ ತಮ್ಮ ಬಾಗಿಲಿಗೆ ಬಂದರು. ಬಾಗಿಲಲ್ಲೇ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಎಪ್ಪತ್ತೊಂದು ವರ್ಷದ ಕುರುಡನನ್ನೂ ಅರವತ್ತೆಂಟರ ಹೆಂಡತಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟರೆ ನಾಡಿನ ನೀತಿ ಏನಾದೀತು? ತಮ್ಮ ಎಚ್ಚರಿಕೆಗೆ ನಮಸ್ಕಾರ.

ಅರವತ್ತು ದಾಟಿದ ದಂಪತಿಗಳನ್ನು ಬೇರೆ ಮಾಡಬಾರದೆಂಬ ಕಾನೂನು ನಾನು ಹುಟ್ಟುವ ಮೊದಲೇ ಬಂದಿದೆ. ಮಂಡಳಿ ಅದಕ್ಕಾಗಿ ಒಂದು ಕೋಣೆಯನ್ನೂ ಸಿದ್ಧಮಾಡಿದೆ. ಗೋಡೆಗೆ ಹೂವಿನ ಕಾಗದ, ಒಂದು ಅಗಲ ಮಂಚ, ಎರಡು ಕುರ್ಚಿ. ಸರ್ಕಾರದ ತನಿಖಾಧಿಕಾರಿ ಬಂದ ದಿನ ಅದರ ಬೀಗ ತೆಗೆಯುತ್ತಾರೆ. ಉಳಿದ ದಿನ ಅಲ್ಲಿ ತಮ್ಮ ತೋಟದ ಸೇಬುಗಳಿರುತ್ತವೆ. ಕಿಟಕಿಯಿಂದ ನಾನೇ ಕಂಡಿದ್ದೇನೆ, ಮಂಚದ ತುಂಬ ಹರಡಿದ್ದಾರೆ. ಹ್ಯಾಡ್‌ಲೋ ದಂಪತಿಗಳ ಅರ್ಜಿಯನ್ನು ಮಾತ್ರ ಮದುವೆಯ ದಾಖಲೆ ಇಲ್ಲವೆಂದು ತಿರಸ್ಕರಿಸಲಾಯಿತು. ಅವರು ಮದುವೆಯಾದ ಚರ್ಚಿನ ಪುಸ್ತಕ ಸುಟ್ಟುಹೋಗಿದೆ. ಸೇಬುಗಳಿಗೆ ಅರವತ್ತು ತುಂಬಿದೆಯೇ ಎಂದು ಯಾರೂ ಕೇಳಿದಂತಿಲ್ಲ.

ನಾನು ಪ್ರತಿ ಗುರುವಾರ ಅಲ್ಲಿ ವೃದ್ಧರಿಗೆ ಪುಸ್ತಕ ಓದಿ ಹೇಳುತ್ತೇನೆ. ಬೆಳಿಗ್ಗೆ ಹೆಂಗಸರಿಗೆ, ಮಧ್ಯಾಹ್ನ ಗಂಡಸರಿಗೆ. ಸಾಹಿತ್ಯದಲ್ಲಿ ಪದವಿ ಪಡೆದವಳು ಇದಕ್ಕಾದರೂ ಆಗಲಿ ಎಂದು ಒಪ್ಪಿಕೊಂಡಿರಿ. ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ಒಯ್ಯುವುದಿಲ್ಲ ಎಂದು ಬರೆಸಿಕೊಂಡಿರಿ. ನಾನೂ ಸಹಿ ಹಾಕಿದೆ.

ವಾರಕ್ಕೊಮ್ಮೆ, ಭಾನುವಾರದ ಪ್ರಾರ್ಥನೆಯಲ್ಲಿ, ಇಬ್ಬರೂ ಒಂದೇ ಸೂರಿನ ಕೆಳಗೆ ಕೂರುತ್ತಿದ್ದರು. ನಡುವೆ ಹಲಗೆಯ ಗೋಡೆ. ಎರಡನೆಯ ಕೀರ್ತನೆ ಮುಗಿದು ಎಲ್ಲರೂ ಕುಳಿತೊಡನೆ ಡಾರ್ಕಸ್ ಕೆಮ್ಮುತ್ತಿದ್ದರು. ಎರಡು ಸಣ್ಣದು, ಸ್ವಲ್ಪ ಬಿಟ್ಟು ಒಂದು ಉದ್ದದ್ದು. ಮಗ್ಗದ ಸದ್ದಿನಲ್ಲಿ ಮಾತು ಕೇಳದಿದ್ದ ಕಾಲದಿಂದಲೂ ಏಮಸ್‌ಗೆ ಆ ಕೆಮ್ಮು ಗೊತ್ತು. "ಕಾಯಿಲೆಗಲ್ಲ ಕಣಮ್ಮ ನಾನು ಕೆಮ್ಮೋದು," ಎಂದು ಅವರೇ ನನಗೆ ಹೇಳಿದ್ದರು. "ನಾನಿದೀನಿ ಅಂತ ಆ ಮನುಷ್ಯನಿಗೆ ಗೊತ್ತಾಗ್ಲಿ ಅಂತ. ಇಲ್ದಿದ್ರೆ ಪ್ರಾರ್ಥನೇಲೇ ಗೊರಕೆ ಹೊಡೀತಾನೆ."

ಪಾದ್ರಿಗಳಿಗೆ ಇದು ದೇವರ ಮುಂದೆ ಮಾಡಿದ ಅವಿಧೇಯತೆಯಾಗಿ ಕಂಡಿತು. ಅವರು ಮಂಡಳಿಗೆ ದೂರಿದರು. ಅರ್ಜಿಗೆ ಉತ್ತರಿಸಲು ನಾಲ್ಕು ತಿಂಗಳು ತೆಗೆದುಕೊಂಡ ಮಂಡಳಿ ಕೆಮ್ಮಿನ ಬಗ್ಗೆ ಅದೇ ದಿನ ತೀರ್ಮಾನಿಸಿತು. ಈಗ ಭಾನುವಾರ ಬೆಳಿಗ್ಗೆ ಅಫೀಮು ಬೆರೆಸಿದ ಔಷಧ, ದೊಡ್ಡ ಚಮಚದಲ್ಲಿ. ಕುಡಿಯದಿದ್ದರೆ ವಾರದ ಚಹಾ ಬಂದ್. ಪ್ರಾರ್ಥನೆಯ ಹೊತ್ತಿಗೆ ಡಾರ್ಕಸ್ ಕುಳಿತಲ್ಲೇ ನಿದ್ದೆ ಹೋಗಿರುತ್ತಾರೆ. ಪ್ರಾರ್ಥನಾ ಮಂದಿರ ಶಾಂತವಾಗಿದೆ.

ಮೊದಲ ಭಾನುವಾರ ಏಮಸ್ ಕಾದರು. ಎರಡನೆಯ ಭಾನುವಾರ, ಪ್ರಾರ್ಥನೆ ಮುಗಿದ ಮೇಲೂ ಬೆಂಚು ಬಿಟ್ಟು ಏಳಲಿಲ್ಲವಂತೆ. ಪಕ್ಕದ ಹಾಸಿಗೆಯ ಟಾಬಿ ವ್ರೆನ್ ಮೊದಲು ಗಾರೆ ಕೆಲಸ ಮಾಡುತ್ತಿದ್ದವರು. ಹೆಂಡತಿ ತೀರಿಕೊಂಡ ಸುದ್ದಿ ಅವರಿಗೆ ತಲುಪಿದ್ದು ಒಂಬತ್ತು ದಿನ ಕಳೆದು, ಮಣ್ಣು ಮಾಡಿಯಾದ ಮೇಲೆ. ಡಾರ್ಕಸ್ ಚೆನ್ನಾಗಿದ್ದಾರೆ ಎಂದು ಅಲ್ಲಿಯವರು ಹೇಳಿದ್ದನ್ನು ನಂಬಬಹುದೇ ಎಂದು ಏಮಸ್ ವಿಚಾರಿಸಿದಾಗ ಟಾಬಿ ಹೇಳಿದ್ದು ಇಷ್ಟೇ: "ಅಷ್ಟೂ ದಿನ ನಂಗೂ ಚೆನ್ನಾಗಿದಾಳೆ ಅಂತಲೇ ಅಂದ್ರು ಕಣಯ್ಯ."

ಮರು ಗುರುವಾರ ನಾನು ಓದಲು ಕುಳಿತಾಗ ಏಮಸ್ ಮೆಲ್ಲಗೆ ಕೇಳಿದರು, "ಅವಳಿದಾಳಾ, ಮಗಳೇ?" ಬಾಗಿಲಲ್ಲಿ ಕಾವಲಿನವನು ನಿಂತಿದ್ದ. ನಾನು ಪುಟ ತಿರುಗಿಸಿದೆ. ಮಾನ್ಯರೇ, ತಮ್ಮ ನಿಯಮವನ್ನು ಅಷ್ಟು ಚೆನ್ನಾಗಿ ಪಾಲಿಸಿದವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ. ಮರುದಿನದಿಂದ ಏಮಸ್ ಬಟ್ಟಲು ಮುಟ್ಟಲಿಲ್ಲ.

ಅದು ಕಳೆದ ವಾರದ ಮಾತು. ನಿನ್ನೆ ಹೋದಾಗ ಅವರನ್ನು ರೋಗಿಗಳ ಕೋಣೆಗೆ ಸಾಗಿಸಿದ್ದರು. ಕಾವಲಿನವನು ಅಲ್ಲೂ ಇದ್ದ. ಸುದ್ದಿ ಹೇಳುವಂತಿಲ್ಲ, ಆದರೆ ಕೆಮ್ಮಬಾರದು ಎಂದು ನಾನು ಸಹಿ ಹಾಕಿಲ್ಲವಲ್ಲ. ಓದು ನಿಲ್ಲಿಸಿ ಕೆಮ್ಮಿದೆ. ಎರಡು ಸಣ್ಣದು, ಸ್ವಲ್ಪ ಬಿಟ್ಟು ಒಂದು ಉದ್ದದ್ದು. ಏಮಸ್ ಮುಖ ನನ್ನ ಕಡೆ ತಿರುಗಿತು. ಕೈ ಚಾಚಿ ನನ್ನ ತೋಳು ಸವರಿದರು.

"ಅವಳೇ ಹೇಳಿಕೊಟ್ಟಿದ್ದಾ, ಸಾಯೋ ಮುಂಚೆ?" ಎಂದರು. "ಒಳ್ಳೆ ಹುಡುಗಿ ನೀನು."

ಆಗ ನಾನು ನಿಯಮ ಮುರಿದೆ. ಬದುಕಿದ್ದಾರೆ, ಬೆಳಿಗ್ಗೆ ತಾನೇ ನೋಡಿದೆ ಎಂದು ಗಟ್ಟಿಯಾಗಿಯೇ ಹೇಳಿದೆ. ಅವರು ಹಾಗೇ ಸವರುತ್ತ, "ಟಾಬಿಗೂ ಹಂಗೇ ಅಂದ್ರಲ್ಲವ್ವಾ," ಎಂದರು. ತಮ್ಮ ಮನೆಯಲ್ಲಿ ಒಬ್ಬ ಮುದುಕನ ಕಿವಿಗೆ ನಿಜ ಯಾವುದು, ಸಮಾಧಾನದ ಮಾತು ಯಾವುದು ಎಂಬ ವ್ಯತ್ಯಾಸವೇ ಉಳಿದಿಲ್ಲ. ಇದಕ್ಕೂ ಅಭಿನಂದನೆ ಸಲ್ಲಬೇಕಲ್ಲವೇ?

ಮೇಲ್ವಿಚಾರಕರನ್ನು ಬೇಡಿಕೊಂಡೆ. ಗಂಡ ಹೆಂಡತಿಯ ಭೇಟಿಗೆ ಲಿಖಿತ ಅರ್ಜಿ ಬೇಕು, ಗಂಡನೇ ಸ್ವಂತ ಕೈಯಲ್ಲಿ ಬರೆಯಬೇಕು, ಮಂಡಳಿ ಸೇರುವುದು ಮುಂದಿನ ಮಂಗಳವಾರವಲ್ಲ, ಅದರಾಚೆಯದು ಎಂದರು. ವೈದ್ಯರು ಏಮಸ್‌ಗೆ ಕೊಟ್ಟಿರುವ ಗಡುವು ನಾಲ್ಕು ದಿನ. ಕುರುಡರಿಗೆ ಬರೆಯಲು ಕಲಿಸಲು ಇಷ್ಟು ಸಾಲದೆಂದು ನಾನು ಹೆದರುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಆ ಕೋಣೆಯ ಬೀಗ ತೆಗೆಸಿ, ಅವರಿಬ್ಬರನ್ನೂ ಅಲ್ಲಿಗೆ ಕಳಿಸಿ. ಸೇಬುಗಳಿಗೆ ಬೇರೆ ಜಾಗ ಹುಡುಕಲು ಸಮಯ ಬೇಕಾದರೆ, ಈ ಭಾನುವಾರ ಒಂದು ಬೆಳಿಗ್ಗೆ ಚಮಚವನ್ನು ಕಪಾಟಿನಲ್ಲೇ ಇಡಿಸಿ, ಡಾರ್ಕಸ್ ಅವರನ್ನು ರೋಗಿಗಳ ಕೋಣೆಯವರೆಗೆ ನಡೆಸಿಕೊಂಡು ಬರಲು ಹೇಳಿ. ನೀತಿಗೆ ಭಂಗ ಬರುವುದಾದರೆ ಬಾಗಿಲ ಹೊರಗೇ ನಿಲ್ಲಲಿ. ಒಂದು ಮಾತೂ ಆಡುವುದು ಬೇಡ, ಕೆಮ್ಮಿದರೆ ಸಾಕು. ಗಂಜಿಯ ಬಟ್ಟಲು ಹಿಡಿದು ನಾನು ಒಳಗೆ ಕುಳಿತಿರುತ್ತೇನೆ.

ಇಂತಿ,
ನಂಬುವಂತೆ ಕೆಮ್ಮಲೂ ಬಾರದ,
ಗುರುವಾರದ ಓದುಗಿ