ರಸ್ತೆಗೆ ಅಡ್ಡ ಮಲಗಿದವನು

ಆಗಸ್ಟ್ ೧೪, ಗುರುವಾರ ರಾತ್ರಿ

ಯಾರದು, ಮುದುಕಿಯ ಪುಸ್ತಕ ತೆರೆದು ಓದುತ್ತಿರುವುದು? ನಾಚಿಕೆಯಿಲ್ಲವೇ? ಮುಚ್ಚಿಡು. ಇದು ನನ್ನ ಗಂಡನಿಗೆ ಬರೆದದ್ದು. ಅವನು ಸತ್ತು, ನಮ್ಮ ದ್ವೀಪದ ವಾಡಿಕೆಯಂತೆ, ಮನೆಯ ಮುಂದಿನ ಗೋರಿಯಲ್ಲೇ ಮಲಗಿದ್ದಾನೆ.

ಕೇಳಿದೆಯಾ, ಮುದುಕಾ, ಆಪಿಯಾ ಪಟ್ಟಣಕ್ಕೆ ಹೋಗುವ ರಸ್ತೆ ಅಗಲ ಮಾಡುವ ಕೆಲಸ ನಿನ್ನ ತಲೆಯ ಹತ್ತಿರ ಬಂದು ನಿಂತಿದೆ. ಅಳೆಯಲು ಬಂದ ಪರದೇಶದವನು ನಿನ್ನ ಗೋರಿಯ ಮೇಲೆ ನಾನು ಒಣಹಾಕಿದ್ದ ಬಟ್ಟೆ ನೋಡಿ, ಅದನ್ನು ಜಗುಲಿಯೆಂದು ನಕ್ಷೆಯಲ್ಲಿ ಬರೆದುಕೊಂಡು ಹೋಗಿದ್ದ. ಇವತ್ತು ಅಗೆಯುವ ಯಂತ್ರದವನು ಬಟ್ಟೆಯಡಿ ನಿನ್ನ ಹೆಸರು ಕಂಡು, ಟೋಪಿ ತೆಗೆದು, ಹೊರಟೇಹೋದ. ಯಂತ್ರ ಬಾಡಿಗೆ ತಿನ್ನುತ್ತಾ ನಿಂತಿದೆ.

ಮೇಸ್ತ್ರಿ ನಮ್ಮ ಮಗ ಫಿಲಿಪೊನೇ. "ಅಮ್ಮಾ, ರಸ್ತೆ ಸುತ್ತು ಬಳಸಿ ಹಾಕಿದ್ರೆ ಖರ್ಚು ದುಪ್ಪಟ್ಟಾಗುತ್ತೆ, ನನ್ನ ಕೆಲಸ ಹೋಗುತ್ತೆ. ಅಪ್ಪನ್ನ ಹಿತ್ತಲಿಗೆ ಕರ್ಕೊಂಡ್ ಹೋಗೋಣ," ಅಂದ.

"ಹಂದಿಗಳ ಪಕ್ಕಕ್ಕಾ? ಬದುಕಿದ್ದಾಗ್ಲೇ ನಿಮ್ಮಪ್ಪ ಹಿತ್ತಲಿಗೆ ಹೋಗು ಅಂದ್ರೆ ಏಳ್ತಿರ್ಲಿಲ್ಲ ಕಣೋ!"

ಅವನು ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತ. ಮನೆಯಲ್ಲಿ ನಾಲ್ಕು ಮಕ್ಕಳಿವೆ ಅವನಿಗೆ.

ನಿನ್ನನ್ನು ಅಗೆಸಲೇ, ಮಗನನ್ನು ಮುಳುಗಿಸಲೇ? ನಿನ್ನ ಒಪ್ಪಿಗೆಯಿಲ್ಲದೆ ನಿನ್ನ ಎಲುಬು ಮುಟ್ಟಲಾರೆ. ರಸ್ತೆ ಮುಂದೆ ಸಾಗದಿದ್ದರೆ ತಿಂಗಳ ಕೊನೆಗೆ ಮಗನನ್ನು ಕೆಲಸದಿಂದ ತೆಗೆಯುತ್ತಾರಂತೆ. ಕನಸಿನಲ್ಲಾದರೂ ಬಂದು ಹೂಂ ಅನ್ನು, ಇಲ್ಲವೇ ಉಹೂಂ ಅನ್ನು. ಬದುಕಿದ್ದಾಗಿನ ಹಾಗೆ ಸುಮ್ಮನಿರಬೇಡ. ಸೆಪ್ಟೆಂಬರ್ ಹುಟ್ಟುವ ಮೊದಲು ಉತ್ತರ ಕೊಡು.